ಬೆಂಚಿನ ಮೇಲಿರುವವನಿಗೆ ಒಂದು ಸೀಸನ್ ಕೊಟ್ಟು ನೋಡಿ

1990ರ ಏಪ್ರಿಲ್ 20. ಓಕ್ಲೆಂಡ್‌ನ ಕ್ರೀಡಾಂಗಣದಲ್ಲಿ ಸಿಯಾಟಲ್ ಮ್ಯಾರಿನರ್ಸ್ ಬೇಸ್‌ಬಾಲ್ ತಂಡದ ಪಿಚರ್ ಬ್ರಯಾನ್ ಹೋಲ್ಮನ್ ಸಾಲಾಗಿ 26 ಬ್ಯಾಟರ್‌ಗಳನ್ನು ಔಟ್ ಮಾಡಿ ನಿಂತಿದ್ದ. ಎದುರಾಳಿಗಳಲ್ಲಿ ಒಬ್ಬನಿಗೂ ಫಸ್ಟ್ ಬೇಸ್ ದಕ್ಕಿರಲಿಲ್ಲ. ಇನ್ನೊಬ್ಬ ಔಟಾದರೆ ಅದು ‘ಪರ್ಫೆಕ್ಟ್ ಗೇಮ್’. ಮೇಜರ್ ಲೀಗ್‌ನ ಎರಡು ಲಕ್ಷಕ್ಕೂ ಮಿಕ್ಕಿದ ಪಂದ್ಯಗಳಲ್ಲಿ 2023ರ ತನಕ 24 ಸಲ ಮಾತ್ರ ನಡೆದಿರುವ ಪವಾಡ. ಓಕ್ಲೆಂಡ್ ಮ್ಯಾನೇಜರ್ ಟೋನಿ ಲಾ ರೂಸ ಸರದಿಯ ಬ್ಯಾಟರ್‌ನನ್ನು ಕೂರಿಸಿ, ಬೆಂಚಿನಿಂದ ಕೆನ್ ಫೆಲ್ಪ್ಸ್‌ನನ್ನು ಎಬ್ಬಿಸಿದ. ವಯಸ್ಸು 35, ಕಣ್ಣಿಗೆ ಕನ್ನಡಕ, ಎಡಗೈ ಬ್ಯಾಟಿಂಗ್. ಬಂದ ಮೊದಲ ಚೆಂಡನ್ನೇ ಫೆಲ್ಪ್ಸ್ ಬೇಲಿಯಾಚೆ ಎತ್ತಿ ಹಾಕಿದ. ಹೋಲ್ಮನ್ ಮುಂದಿನ ಬ್ಯಾಟರ್ ರಿಕಿ ಹೆಂಡರ್ಸನ್‌ನನ್ನು ಸ್ಟ್ರೈಕ್‌ಔಟ್ ಮಾಡಿ 6–1ರಿಂದ ಪಂದ್ಯ ಗೆದ್ದುಕೊಟ್ಟ. ಆ ಗೆಲುವನ್ನು ಈಗ ಯಾರೂ ನೆನೆಯುವುದಿಲ್ಲ.

ಆ ವರ್ಷ ಫೆಲ್ಪ್ಸ್ ಹೊಡೆದದ್ದು ಅದೊಂದೇ ಹೋಮ್ ರನ್. ಮೇಜರ್ ಲೀಗ್‌ನಲ್ಲಿ ಅವನ ಕೊನೆಯ ಹೋಮ್ ರನ್ನೂ ಅದೇ. ಹೊಟ್ಟೆ ಉರಿಸುವ ಇನ್ನೊಂದು ಸಂಗತಿಯಿದೆ: ಅವನು ಹುಟ್ಟಿದ್ದು ಸಿಯಾಟಲ್‌ನಲ್ಲಿ, ಹೆಸರು ಮಾಡಿದ್ದು ಮ್ಯಾರಿನರ್ಸ್‌ಗೆ ಆಡಿ. ಅವನನ್ನು ದಿನಾ ಆಡಿಸಬೇಕೇ ಬೇಡವೇ ಎಂದು ವರ್ಷಗಟ್ಟಲೆ ಜಗಳವಾಡಿದ ಊರಿಗೇ ಅವನು ಹೀಗೆ ಬಡ್ಡಿ ಸಮೇತ ಲೆಕ್ಕ ತೀರಿಸಿದ್ದ.

ಬೇಸ್‌ಬಾಲ್ ಅಭಿಮಾನಿಗಳಿಗೆ ಈ ಜಗಳವೆಂದರೆ ಪ್ರಾಣ. ವಸಂತದಿಂದ ಶರತ್ಕಾಲದವರೆಗೆ ಒಂದೊಂದು ತಂಡಕ್ಕೂ 162 ಪಂದ್ಯ, ಹೆಚ್ಚುಕಡಿಮೆ ದಿನಕ್ಕೊಂದು. ರೇಡಿಯೊ ಕಾರ್ಯಕ್ರಮಗಳಿಗೆ ಫೋನ್ ಮಾಡಿ ಮ್ಯಾನೇಜರ್‌ಗೆ ಬುದ್ಧಿ ಹೇಳುವವರಿಗೆ ಪುರುಸೊತ್ತಿಗೇನೂ ಕೊರತೆಯಿಲ್ಲ. ಚಳಿಗಾಲದಲ್ಲಿ ಆಟ ನಿಂತರೂ ಮಾತು ನಿಲ್ಲುವುದಿಲ್ಲ. ಒಲೆಯ ಸುತ್ತ ಕೂತು ನಡೆಸುವ ಆ ಪಂಚಾಯಿತಿಗೆ ‘ಹಾಟ್ ಸ್ಟೋವ್ ಲೀಗ್’ ಎಂಬ ಹೆಸರೇ ಇದೆ. ತಾರೆಯರ ವಿಷಯದಲ್ಲಿ ಜಗಳಕ್ಕೆ ಆಸ್ಪದ ಕಡಿಮೆ, ಅವರನ್ನು ಆಡಿಸಲೇಬೇಕು ಎಂಬುದರಲ್ಲಿ ಎಲ್ಲರೂ ಒಂದೇ. ರಸವಿರುವುದು ಬೆಂಚಿನ ಕೊನೆಯಲ್ಲಿ ಕೂತವನ ಸುದ್ದಿಯಲ್ಲಿ: ನಾಲ್ಕಾರು ತಂಡ ಅಲೆದು ಬಂದವನು, ವಾರಕ್ಕೆರಡು ದಿನ ಆಡಿದರೂ ಹೊಡೆಯುವವನು. ‘ಇವನನ್ನು ಒಂದು ಸೀಸನ್ ಪೂರ್ತಿ ಆಡಿಸಿ ನೋಡಿ’ ಎಂಬುದು ಒಂದು ಪಕ್ಷ. ‘ಆಡಿಸಿದರೆ ಬಣ್ಣ ಬಯಲಾಗುತ್ತದೆ’ ಎಂಬುದು ಇನ್ನೊಂದು.

ಕ್ರಿಕೆಟ್ ಕಣ್ಣಿನವರಿಗೆ ಈ ಬೆಂಚನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಹನ್ನೆರಡನೆಯ ಆಟಗಾರ ನೀರು ಒಯ್ಯಬಹುದು, ಫೀಲ್ಡಿಂಗ್‌ಗೆ ನಿಲ್ಲಬಹುದು, ಸಾಮಾನ್ಯವಾಗಿ ಬ್ಯಾಟ್ ಹಿಡಿಯುವಂತಿಲ್ಲ. ಬೇಸ್‌ಬಾಲ್‌ನಲ್ಲಿ ಬೆಂಚಿನವನು ಯಾವ ಹೊತ್ತಿಗಾದರೂ ಇಳಿದು ಬ್ಯಾಟ್ ಮಾಡಬಹುದು. ಆದರೆ ಯಾರ ಬದಲಿಗೆ ಇಳಿದನೋ ಆತ ಆ ಪಂದ್ಯಕ್ಕೆ ಮರಳುವಂತಿಲ್ಲ. ಹೀಗಾಗಿ ಯಾರನ್ನು ಯಾವಾಗ ಎಬ್ಬಿಸಬೇಕು ಎಂಬುದೇ ಮ್ಯಾನೇಜರ್‌ನ ಅರ್ಧ ವಿದ್ಯೆ. ಅದರಲ್ಲಿ ಬಹುಪಾಲು ಎಡಗೈ ಬಲಗೈ ಲೆಕ್ಕ. ಎಡಗೈ ಪಿಚರ್ ಎಸೆದ ಚೆಂಡು ಎಡಗೈ ಬ್ಯಾಟರ್‌ಗೆ ತನ್ನ ಭುಜದ ಹಿಂದಿನಿಂದ ಬಂದಂತೆ ಕಾಣುತ್ತದೆ, ಹತ್ತಿರ ಬಂದಾಗ ದೂರಕ್ಕೆ ಹೊರಳುತ್ತದೆ. ಬಲಗೈ ಪಿಚರ್‌ನ ಚೆಂಡಾದರೆ ಕಣ್ಣಿಗೆ ಬೇಗ ಸಿಗುತ್ತದೆ, ಬ್ಯಾಟಿನ ಕಡೆಗೇ ತಿರುಗುತ್ತದೆ. ಅದಕ್ಕೇ ಒಂದೇ ಸ್ಥಾನಕ್ಕೆ ಇಬ್ಬರನ್ನಿಟ್ಟುಕೊಂಡು, ಎದುರಿನ ಪಿಚರ್‌ನ ಕೈ ನೋಡಿ ಒಬ್ಬನನ್ನು ಇಳಿಸುವ ಪದ್ಧತಿ. ಅದರ ಹೆಸರು ‘ಪ್ಲಟೂನ್’.

ಫೆಲ್ಪ್ಸ್ ಸಿಕ್ಕಿಬಿದ್ದದ್ದು ಇದರಲ್ಲಿ. ಅದಕ್ಕೂ ಮೊದಲು ಸಿಕ್ಕಿಬಿದ್ದದ್ದು ಹಣೆಬರಹದಲ್ಲಿ. ಕಾನ್ಸಾಸ್ ಸಿಟಿ ತಂಡ ಅವನನ್ನು 1976ರಲ್ಲಿ ಆರಿಸಿಕೊಂಡಿತ್ತು. ಅಲ್ಲಿ ಅವನ ಜಾಗವಾದ ಫಸ್ಟ್ ಬೇಸ್‌ನಲ್ಲಿ ವಿಲ್ಲಿ ಏಕೆನ್ಸ್ ಇದ್ದ. 1980ರ ವಿಶ್ವ ಸರಣಿಯಲ್ಲಿ ನಾಲ್ಕು ಹೋಮ್ ರನ್ ಹೊಡೆದವನನ್ನು ಕೂರಿಸುವವರು ಯಾರು? ಫೆಲ್ಪ್ಸ್ ಮಾಂಟ್ರಿಯಲ್‌ಗೆ ಹೋದ. 1982ರಲ್ಲಿ ಅವರ ಮೈನರ್ ಲೀಗ್ ತಂಡಕ್ಕೆ ವಿಚಿಟಾದಲ್ಲಿ 46 ಹೋಮ್ ರನ್ ಹೊಡೆದ. ಮೇಲಿನ ತಂಡದ ಫಸ್ಟ್ ಬೇಸ್‌ನಲ್ಲಿ ಅದೇ ವರ್ಷ ಆಲ್ ಆಲಿವರ್ ಲೀಗ್‌ನ ಬ್ಯಾಟಿಂಗ್ ಪ್ರಶಸ್ತಿ ಗೆದ್ದ. ಸರಿ, ಮುಂದಿನ ವರ್ಷ ಹುಟ್ಟೂರು ಸಿಯಾಟಲ್. 1984ರ ಸೀಸನ್ ಶುರುವಾದಾಗ ಕೊನೆಗೂ ಫಸ್ಟ್ ಬೇಸ್ ಅವನದಾಯಿತು. ವಾರ ಕಳೆಯುವುದರೊಳಗೆ ಕೈಗೆ ಪೆಟ್ಟು. ಬದಲಿಗೆ ಮೈನರ್ ಲೀಗ್‌ನಿಂದ ಆಲ್ವಿನ್ ಡೇವಿಸ್ ಎಂಬ ಹುಡುಗನನ್ನು ಕರೆಸಿದರು. ಹುಡುಗ ಬಂದವನೇ ಹೊಡೆಯತೊಡಗಿದ, ವರ್ಷದ ಕೊನೆಗೆ ‘ರೂಕಿ ಆಫ್ ದಿ ಇಯರ್’ ಆದ. ಗಾಯ ವಾಸಿಯಾಗಿ ಫೆಲ್ಪ್ಸ್ ಮರಳುವಷ್ಟರಲ್ಲಿ ಅವನ ಜಾಗ ಊರಿನ ಹೊಸ ಮುದ್ದುಮಗನ ಪಾಲಾಗಿತ್ತು. ಫೆಲ್ಪ್ಸ್‌ಗೆ ಉಳಿದದ್ದು ಡೆಸಿಗ್ನೇಟೆಡ್ ಹಿಟರ್ ಕೆಲಸ, ಅಂದರೆ ಫೀಲ್ಡಿಂಗ್ ಇಲ್ಲದೆ ಬರೀ ಬ್ಯಾಟಿಂಗ್. ಅದೂ ಬಹುಮಟ್ಟಿಗೆ ಎದುರಿಗೆ ಬಲಗೈ ಪಿಚರ್ ಇದ್ದ ದಿನ.

ಸಿಕ್ಕ ದಿನಗಳಲ್ಲಿ ಆತ ಮಾಡಿದ್ದೇನು? 1984ರಲ್ಲಿ 24 ಹೋಮ್ ರನ್. 1986ರಲ್ಲಿ ಮತ್ತೆ 24. 1987ರಲ್ಲಿ 27, ಕೇವಲ 332 ಅಟ್-ಬ್ಯಾಟ್‌ಗಳಲ್ಲಿ, ಅಂದರೆ ಬ್ಯಾಟಿಂಗ್ ಸರದಿಗಳಲ್ಲಿ. ಪ್ರತಿದಿನ ಆಡುವವನಿಗೆ ಅದು ಐನೂರು ದಾಟುತ್ತದೆ. ನಾಲ್ಕು ಕೆಟ್ಟ ಚೆಂಡು ಬಿಟ್ಟವನಿಗೆ ಫಸ್ಟ್ ಬೇಸ್ ಬಿಟ್ಟಿ, ಅದು ‘ವಾಕ್’. ಅದನ್ನು ಸಂಪಾದಿಸುವ ತಾಳ್ಮೆಯಲ್ಲಿ ಅವನನ್ನು ಮೀರಿಸುವವರು ಕಡಿಮೆ. ವಾಕ್‌ಗಳನ್ನು ಲೆಕ್ಕಕ್ಕೆ ಹಿಡಿಯದ ಬ್ಯಾಟಿಂಗ್ ಸರಾಸರಿ ಇಡೀ ವೃತ್ತಿಯಲ್ಲಿ .239, ಪತ್ರಿಕೆಯಲ್ಲಿ ಓದಿದವರು ಮೂಗು ಮುರಿಯುವಂಥದು. ಆದರೆ 1986 ಮತ್ತು 1987ರಲ್ಲಿ ಕ್ರೀಸಿಗೆ ಬಂದ ನೂರು ಸಲದಲ್ಲಿ ನಲವತ್ತಕ್ಕೂ ಹೆಚ್ಚು ಸಲ ಅವನು ಬೇಸ್ ತಲುಪಿದ. ವೃತ್ತಿಯ ಒಟ್ಟು ಲೆಕ್ಕ 1,854 ಅಟ್-ಬ್ಯಾಟ್, 123 ಹೋಮ್ ರನ್, ಅಂದರೆ ಹದಿನೈದಕ್ಕೊಂದು. 755 ಹೋಮ್ ರನ್‌ಗಳ ಹ್ಯಾಂಕ್ ಏರನ್‌ಗೆ ಅದು ಹದಿನಾರು ಚಿಲ್ಲರೆಗೊಂದು.

ಅಭಿಮಾನಿಯ ಕೈಗೆ ಇಂಥ ಅಂಕಿ ಸಿಕ್ಕರೆ ಬಿಡುತ್ತಾನೆಯೇ? ‘ಏರನ್‌ಗಿಂತ ಬೇಗ ಬೇಗ ಹೊಡೆಯುವವನನ್ನು ಅರ್ಧ ವರ್ಷ ಕೂರಿಸಿದ್ದೀರಲ್ಲ!’ ಎಂದು ಮೇಜು ಕುಟ್ಟುತ್ತಾನೆ. ಆಗ ಎದುರಿಗಿರುವವನು ಹೇಳುವ ಮಾತೂ ಅಷ್ಟೇ ಗಟ್ಟಿ. ಏರನ್ ಎಡಗೈ, ಬಲಗೈ, ಮೊದಲ ದರ್ಜೆ, ಮೂರನೇ ದರ್ಜೆ ಎನ್ನದೆ ಬಂದ ಪಿಚರ್‌ಗಳನ್ನೆಲ್ಲ ಎದುರಿಸಿ, ದಣಿದ ಮೈಯಲ್ಲೂ ಆಡಿ, ಆ ಲೆಕ್ಕ ಕೊಟ್ಟವನು. ಫೆಲ್ಪ್ಸ್‌ಗೆ ಸಿಕ್ಕದ್ದು ಅವನಿಗಾಗಿ ಆರಿಸಿಟ್ಟ ಪಿಚರ್‌ಗಳು. ನನಗೆ ಈ ವಾದದ ಮೋಜೆಲ್ಲ ಇರುವುದು ಇಲ್ಲಿ. ಬೆಂಚ್ ಆಟಗಾರನ ಪರವಾಗಿ ಹಾಜರು ಮಾಡುವ ಸಾಕ್ಷಿ ಬೆಂಚಿನಲ್ಲೇ ತಯಾರಾದದ್ದು. ಅವನು ಚೆನ್ನಾಗಿ ಹೊಡೆದಷ್ಟೂ ಒಬ್ಬ ‘ಇನ್ನೂ ಆಡಿಸಿ’ ಎನ್ನುತ್ತಾನೆ, ಇನ್ನೊಬ್ಬ ಅದೇ ಅಂಕಿ ತೋರಿಸಿ ‘ಹೀಗೆ ಆಡಿಸಿದ್ದಕ್ಕೇ ಹೊಡೆಯುತ್ತಿದ್ದಾನೆ, ಮುಟ್ಟಬೇಡಿ’ ಎನ್ನುತ್ತಾನೆ. ಯಾವ ಗಣಿತವೂ ಇದನ್ನು ಬಗೆಹರಿಸಲಾರದು.

ಬಾಲ್ಟಿಮೋರ್‌ನ ಅರ್ಲ್ ವೀವರ್ ಮಾತ್ರ ಈ ಜಗಳಕ್ಕೆ ತಲೆ ಕೊಟ್ಟವನಲ್ಲ. ಯಾವ ಬ್ಯಾಟರ್ ಯಾವ ಪಿಚರ್ ಎದುರು ಏನು ಮಾಡಿದ್ದಾನೆಂದು ಕಾರ್ಡುಗಳಲ್ಲಿ ಬರೆಸಿಟ್ಟುಕೊಂಡು ತಂಡ ಕಟ್ಟುತ್ತಿದ್ದ ಮ್ಯಾನೇಜರ್ ಅವನು. 1982ರಲ್ಲಿ ಅವನ ಲೆಫ್ಟ್ ಫೀಲ್ಡನ್ನು ಹೆಚ್ಚಾಗಿ ಹಂಚಿಕೊಂಡವರು ಇಬ್ಬರು. ಎಡಗೈಯ ಜಾನ್ ಲೋವೆನ್‌ಸ್ಟೈನ್ 24 ಹೋಮ್ ರನ್ ಹೊಡೆದ, ಬಲಗೈಯ ಗ್ಯಾರಿ ರೋನಿಕಿ 21. ಇಬ್ಬರೂ ಸೇರಿ ಒಬ್ಬ ಮಹಾತಾರೆ. ಲೋವೆನ್‌ಸ್ಟೈನ್ ಕ್ಲೀವ್‌ಲ್ಯಾಂಡ್, ಟೆಕ್ಸಾಸ್ ಸುತ್ತಿ, ಟೆಕ್ಸಾಸ್ ಬೇಡವೆಂದು ಬಿಟ್ಟ ಮೇಲೆ ಬಾಲ್ಟಿಮೋರ್ ಸೇರಿದವನು. ಬೆಂಚ್ ಆಟಗಾರರಿಗೆ ಒಂದು ಬಗೆಯ ಹುಚ್ಚು ಹಾಸ್ಯ ಇರುತ್ತದೆ ಎನ್ನುವುದಕ್ಕೆ ಅವನೇ ಸಾಕ್ಷಿ. 1980ರ ಒಂದು ಪಂದ್ಯದಲ್ಲಿ ಓಡುವಾಗ ಎಸೆದ ಚೆಂಡು ತಲೆಯ ಹಿಂಭಾಗಕ್ಕೆ ಬಡಿದು ಬಿದ್ದ. ಸ್ಟ್ರೆಚರ್ ತಂದರು, ಮೈದಾನವೆಲ್ಲ ಉಸಿರು ಬಿಗಿಹಿಡಿಯಿತು. ಹೊತ್ತುಕೊಂಡು ಡಗ್‌ಔಟ್ ಹತ್ತಿರ ಬರುತ್ತಿದ್ದಂತೆ ಆಸಾಮಿ ದಡಕ್ಕನೆ ಎದ್ದು ಕೂತು ಎರಡೂ ಮುಷ್ಟಿ ಮೇಲೆತ್ತಿದ. ದಿನಾ ಆಡುವ ತಾರೆಗೆ ಇಂಥ ತುಂಟಾಟ ಹೊಳೆಯುವುದಿಲ್ಲ ಎಂದು ನನ್ನ ಗುಮಾನಿ.

ವೀವರ್‌ಗೆ ಲೋವೆನ್‌ಸ್ಟೈನ್ ಏನು ಮಾಡಲಾರ ಎಂಬುದು ಮುಖ್ಯವಾಗಲಿಲ್ಲ, ಏನು ಮಾಡಬಲ್ಲ ಎಂಬುದಷ್ಟೇ ಬೇಕಿತ್ತು. ಇದನ್ನೇ ವಾದವಾಗಿ ಬೆಳೆಸಿದವನು ಬಿಲ್ ಜೇಮ್ಸ್. ಕಾನ್ಸಾಸ್‌ನಲ್ಲಿ ಡಬ್ಬಿ ಬೀನ್ಸ್ ತಯಾರಿಸುವ ಕಾರ್ಖಾನೆಯೊಂದರ ರಾತ್ರಿ ಕಾವಲುಗಾರನಾಗಿದ್ದುಕೊಂಡೇ ಬೇಸ್‌ಬಾಲ್ ಅಂಕಿಗಳನ್ನು ಕೆದಕುತ್ತ ಕೂತವನು. ಮುಂದೆ ಈ ಆಟದ ಅಂಕಿಶಾಸ್ತ್ರಕ್ಕೇ ಗುರುವಾದ. 1987ರ ತನ್ನ ವಾರ್ಷಿಕ ಪುಸ್ತಕದಲ್ಲಿ ‘ಕೆನ್ ಫೆಲ್ಪ್ಸ್ ಆಲ್-ಸ್ಟಾರ್ ತಂಡ’ ಎಂದು ಒಂದು ತಂಡ ಕಟ್ಟಿದ. ಮೈನರ್ ಲೀಗ್‌ನಲ್ಲಿ ಹೊಡೆದೂ ಹೊಡೆದೂ, ಕೈಲಾಗದ ಯಾವುದೋ ಒಂದು ಕೊರತೆಯ ಹೆಸರಿನಲ್ಲಿ ಮೇಲೆ ಬರಲಾಗದವರ ತಂಡ. ಓಡಲಾರ, ಫೀಲ್ಡಿಂಗ್ ಸಾಲದು, ಎಡಗೈ ಪಿಚರ್ ಎಂದರೆ ಆಗದು ಎಂದು ಹಣೆಪಟ್ಟಿ ಹಚ್ಚಿಸಿಕೊಂಡವರು. ಅಲ್ಲಿಂದಾಚೆಗೆ ಪ್ರತಿ ಊರಿನ ಅಭಿಮಾನಿಗೂ ತನ್ನದೇ ಒಬ್ಬ ಫೆಲ್ಪ್ಸ್ ಸಿಕ್ಕ. ಜಗಳಕ್ಕೆ ಶಾಸ್ತ್ರದ ಬಲ ಬಂತು.

ಫೆಲ್ಪ್ಸ್‌ನ ಹೆಸರು ಇನ್ನೂ ದೊಡ್ಡದಾದದ್ದು ಅವನ ಆಟದಿಂದಲ್ಲ, ಒಂದು ವ್ಯಾಪಾರದಿಂದ. 1988ರ ಜುಲೈನಲ್ಲಿ ನ್ಯೂಯಾರ್ಕ್ ಯಾಂಕೀಸ್ ಅವನನ್ನು ಕೊಂಡುಕೊಂಡಿತು. ಆ ತಂಡದ ಫಸ್ಟ್ ಬೇಸ್‌ನಲ್ಲಿ ಡಾನ್ ಮ್ಯಾಟಿಂಗ್ಲಿ, ಡೆಸಿಗ್ನೇಟೆಡ್ ಹಿಟರ್ ಆಗಿ ಜ್ಯಾಕ್ ಕ್ಲಾರ್ಕ್. ಫೆಲ್ಪ್ಸ್ ಆಡಬಲ್ಲ ಎರಡೂ ಜಾಗ ಭರ್ತಿ! ಅವನಿಗಾಗಿ ಕೊಟ್ಟವರಲ್ಲಿ ಜೇ ಬ್ಯೂನರ್ ಎಂಬ ತರುಣನಿದ್ದ. ಮುಂದೆ 1995ರಿಂದ ಮೂರು ವರ್ಷ ಸತತವಾಗಿ ನಲವತ್ತು ಅಥವಾ ಹೆಚ್ಚು ಹೋಮ್ ರನ್ ಹೊಡೆದು ಸಿಯಾಟಲ್‌ನ ಆರಾಧ್ಯನಾದವನು. 1996ರಲ್ಲಿ ‘ಸೈನ್‌ಫೆಲ್ಡ್’ ಧಾರಾವಾಹಿಯ ಒಂದು ಕಂತಿನಲ್ಲಿ ಯಾಂಕೀಸ್ ಮಾಲೀಕ ಸ್ಟೈನ್‌ಬ್ರೆನರ್ ಪಾತ್ರಧಾರಿ ಒಂದು ಮನೆಗೆ ಸಾವಿನ ಸುದ್ದಿ ತರುತ್ತಾನೆ. ಮಗ ಸತ್ತನೆಂದು ಕೇಳಿಸಿಕೊಂಡ ಅಪ್ಪ ಅಳುವುದು ಬಿಟ್ಟು, ಬ್ಯೂನರ್‌ನನ್ನು ಯಾಕಯ್ಯಾ ಕೊಟ್ಟೆ ಎಂದು ಮಾಲೀಕನ ಮೇಲೆ ಎಗರಿಬೀಳುತ್ತಾನೆ. ಅಮೆರಿಕದ ಅಭಿಮಾನಿಯನ್ನು ಇಷ್ಟು ಸರಿಯಾಗಿ ಹಿಡಿದ ದೃಶ್ಯ ಇನ್ನೊಂದಿಲ್ಲ. ಆದರೆ ಫೆಲ್ಪ್ಸ್‌ಗೆ ಇದರಲ್ಲಿ ಅನ್ಯಾಯವಾಗಿದೆ. ನಗೆಪಾಟಲಾಗಬೇಕಾದದ್ದು ಜಾಗವಿಲ್ಲದ ಕಡೆಗೆ ಅವನನ್ನು ತಂದವರು.

ಅವನನ್ನು ಪೂರ್ತಿ ಸೀಸನ್ ಆಡಿಸಿದ್ದರೆ? ನನ್ನ ಮತ ಆಡಿಸಬೇಕಿತ್ತು ಎಂದೇ. 1986ರಲ್ಲಿ ಮ್ಯಾರಿನರ್ಸ್ 95 ಪಂದ್ಯ ಸೋತ ತಂಡ. ಕಳೆದುಕೊಳ್ಳಲು ಅದರ ಬಳಿ ಏನೂ ಇರಲಿಲ್ಲ. ಎಡಗೈ ಪಿಚರ್‌ಗಳೆದುರು ಆತ ತಡವರಿಸಿದ್ದರೂ ವಾಕ್ ಸಂಪಾದಿಸುವ ಕಣ್ಣು ಎಲ್ಲಿಗೂ ಹೋಗುತ್ತಿರಲಿಲ್ಲ.

ಈ ಪ್ರಶ್ನೆಗೆ ಉತ್ತರ ಸಿಕ್ಕ ಪ್ರಸಂಗವೂ ಒಂದಿದೆ, ಜ್ಯಾಕ್ ಕಸ್ಟ್‌ನದು. ಅರಿಜೋನಾ, ಕೊಲೊರಾಡೊ, ಬಾಲ್ಟಿಮೋರ್, ಸ್ಯಾನ್ ಡಿಯೇಗೊ ಎಂದು ತಿರುಗಿದವನು. ಮೇಜರ್ ಲೀಗ್‌ನಲ್ಲಿ ಅವನ ಗುರುತು ಎಂದರೆ ಒಂದು ಬೀಳುವಿಕೆ. 2003ರ ಆಗಸ್ಟ್, ಬಾಲ್ಟಿಮೋರ್, ಎದುರಾಳಿ ಯಾಂಕೀಸ್, 12ನೇ ಇನ್ನಿಂಗ್ಸ್, ಎರಡು ಔಟ್. ಸಮ ಮಾಡುವ ರನ್ ಕಸ್ಟ್‌ನ ಕಾಲಲ್ಲಿ. ಥರ್ಡ್ ಬೇಸ್ ದಾಟಿದವನೇ ಮುಗ್ಗರಿಸಿ ಬಿದ್ದ. ಎದ್ದ. ಫೀಲ್ಡರ್‌ಗಳು ಅವನನ್ನು ನಡುವೆ ಸಿಕ್ಕಿಸಿಕೊಂಡು ಅತ್ತಿತ್ತ ಅಟ್ಟುವ ಗಡಿಬಿಡಿಯಲ್ಲಿ ಹೋಮ್ ಪ್ಲೇಟನ್ನೇ ಕಾಯದೆ ಬಿಟ್ಟರು. ದಾರಿ ಖಾಲಿ, ಮುಂದೆ ನರಪಿಳ್ಳೆಯಿಲ್ಲ. ಓಡಿದ. ಇನ್ನೇನು ಮುಟ್ಟಬೇಕು ಎನ್ನುವಾಗ ಮತ್ತೆ ಬಿದ್ದ. ಹಿಂದಿನಿಂದ ಬಂದು ಚೆಂಡು ತಾಗಿಸಿದರು, ಪಂದ್ಯ ಮುಗಿಯಿತು.

ಆದರೂ ಅವನ ಪರ ವಕಾಲತ್ತು ವಹಿಸುವವರು ಇದ್ದೇ ಇದ್ದರು. 2006ರಲ್ಲಿ ಪೋರ್ಟ್‌ಲ್ಯಾಂಡ್‌ನ ಮೈನರ್ ಲೀಗ್ ತಂಡಕ್ಕೆ 30 ಹೋಮ್ ರನ್ ಹೊಡೆದು 143 ವಾಕ್ ಗಳಿಸಿದ್ದ. ಅವನನ್ನು ಇಟ್ಟುಕೊಂಡಿದ್ದ ಸ್ಯಾನ್ ಡಿಯೇಗೊ ನ್ಯಾಷನಲ್ ಲೀಗ್‌ನದು. ಆಗ ಅಲ್ಲಿ ಡೆಸಿಗ್ನೇಟೆಡ್ ಹಿಟರ್ ಇರಲಿಲ್ಲ. ಗ್ಲವ್ ತೊಟ್ಟರೆ ತಂಡದ ಎದೆ ಡವಗುಟ್ಟುವಂಥ ಆಟಗಾರನಿಗೆ ಅಲ್ಲಿ ಕೆಲಸವೆಲ್ಲಿ? 2007ರ ಮೇ ತಿಂಗಳ ಆರಂಭದಲ್ಲಿ ಓಕ್ಲೆಂಡ್‌ನ ಮೈಕ್ ಪಿಯಾಜ಼ಾ ಭುಜಕ್ಕೆ ಗಾಯ ಮಾಡಿಕೊಂಡ. ಓಕ್ಲೆಂಡ್ ಒಂದಿಷ್ಟು ನಗದು ಕೊಟ್ಟು ಕಸ್ಟ್‌ನನ್ನು ತಂದಿತು. ಮೊದಲ ಏಳು ಪಂದ್ಯಗಳಲ್ಲಿ ಆರು ಹೋಮ್ ರನ್! ಸೀಸನ್ ಮುಗಿಯುವಾಗ 26, ಮರುವರ್ಷ 33, ಆಮೇಲೆ 25. ಪರ ವಹಿಸಿದವರು ಮೀಸೆ ತಿರುವಿದರು.

ಎದುರಿನವರೂ ಸುಮ್ಮನಿರಬೇಕಿರಲಿಲ್ಲ. ಆ ಮೂರೂ ವರ್ಷ ಅಮೆರಿಕನ್ ಲೀಗ್‌ನಲ್ಲಿ ಅತಿ ಹೆಚ್ಚು ಸ್ಟ್ರೈಕ್‌ಔಟ್ ಆದವನೂ ಕಸ್ಟ್. 2008ರಲ್ಲಿ 197 ಸಲ. ಆ ಲೀಗ್‌ನಲ್ಲಿ ಅಲ್ಲಿಯವರೆಗೆ ಯಾರೂ ಅಷ್ಟು ಸಲ ಆಗಿರಲಿಲ್ಲ. ಅದೇ ವರ್ಷ ವಾಕ್ ಗಳಿಕೆಯಲ್ಲೂ ಲೀಗ್‌ಗೆ ಮೊದಲಿಗ. 2010ರ ಆರಂಭದಲ್ಲಿ ಅವನನ್ನು ಮತ್ತೆ ಮೈನರ್ ಲೀಗ್‌ಗೆ ತಳ್ಳಿದರು. 2011ರಲ್ಲಿ ಸಿಯಾಟಲ್ ಕರೆದುಕೊಂಡಿತು. ಮೂರು ಹೋಮ್ ರನ್ ಹೊಡೆಯುವಷ್ಟರಲ್ಲಿ ಬಿಡುಗಡೆ ಮಾಡಿತು. ಮೇಜರ್ ಲೀಗ್ ಕಥೆ ಅಲ್ಲಿಗೆ ಮುಗಿಯಿತು. ಒಟ್ಟು 105 ಹೋಮ್ ರನ್, ಅದರಲ್ಲಿ ನೂರು ಪಿಯಾಜ಼ಾನ ಭುಜ ನೋಯಿಸಿಕೊಂಡ ಮೇಲಿನವು. ಆ ಭುಜ ಸರಿಯಿದ್ದಿದ್ದರೆ ಕಸ್ಟ್ ಎಂದರೆ ಎರಡು ಸಲ ಬಿದ್ದವನು, ಅಷ್ಟೇ.

ಉತ್ತರವೇ ಸಿಗದವರ ಪಟ್ಟಿ ಉದ್ದ. ವೆನೆಜುವೆಲಾದ ರಾಬರ್ಟೊ ಪೆಟಜೀನಿ ಕಾದು ಬೇಸತ್ತು ಜಪಾನಿಗೆ ಹೋದ. ಯಾಕುಲ್ಟ್ ತಂಡಕ್ಕೆ ಆಡಿ 2001ರಲ್ಲಿ ಸೆಂಟ್ರಲ್ ಲೀಗ್‌ನ ಶ್ರೇಷ್ಠ ಆಟಗಾರನಾದ. 2005ರಲ್ಲಿ 34ರ ವಯಸ್ಸಿನಲ್ಲಿ ಬಾಸ್ಟನ್‌ಗೆ ಬಂದರೆ ಮತ್ತೆ ಅದೇ ಬೆಂಚು, ಕೆಲವೇ ಪಂದ್ಯ.

ಇನ್ನು ಹೊಸೆ ಬಟೀಸ್ಟ. ಇವನ ಕಥೆ ಅಭಿಮಾನಿಗಳ ಎರಡೂ ಪಕ್ಷಕ್ಕೆ ಮುಖಭಂಗ. ಡೊಮಿನಿಕನ್ ಗಣರಾಜ್ಯದ ಈ ಹುಡುಗ 2004ರ ಒಂದೇ ಸೀಸನ್‌ನಲ್ಲಿ ಬಾಲ್ಟಿಮೋರ್, ಟ್ಯಾಂಪಾ ಬೇ, ಕಾನ್ಸಾಸ್ ಸಿಟಿ, ಪಿಟ್ಸ್‌ಬರ್ಗ್ ಎಂದು ನಾಲ್ಕು ತಂಡಗಳಿಗೆ ಆಡಿದ. ನಡುವೆ ನ್ಯೂಯಾರ್ಕ್ ಮೆಟ್ಸ್ ಅವನನ್ನು ಕೊಂಡು ಅದೇ ದಿನ ಮಾರಿತು. 2008ರ ಆಗಸ್ಟ್‌ನಲ್ಲಿ ಟೊರಾಂಟೊ ಅವನನ್ನು ಪಡೆದಾಗ ಬದಲಿಗೆ ಕೊಟ್ಟದ್ದು ರಾಬಿನ್‌ಜ಼ನ್ ಡಿಯಾಜ಼್ ಎಂಬ ಕ್ಯಾಚರ್‌ನನ್ನು. ಅದುವರೆಗೆ ಒಂದು ವರ್ಷದಲ್ಲಿ ಬಟೀಸ್ಟ ಹೊಡೆದದ್ದು ಹೆಚ್ಚೆಂದರೆ 16 ಹೋಮ್ ರನ್. ಅವನ ಪರ ಮೇಜು ಕುಟ್ಟಲು ಯಾರ ಬಳಿಯೂ ಅಂಕಿ ಇರಲಿಲ್ಲ. 2009ರ ಆಗಸ್ಟ್‌ನಲ್ಲಿ ದುಬಾರಿ ಸಂಬಳದ ಅಲೆಕ್ಸ್ ರಿಯೋಸ್‌ನನ್ನು ಟೊರಾಂಟೊ ಕೈಬಿಟ್ಟಿತು, ಔಟ್‌ಫೀಲ್ಡ್‌ನಲ್ಲಿ ಜಾಗ ಖಾಲಿಯಾಯಿತು. ಮ್ಯಾನೇಜರ್ ಸೀಟೊ ಗ್ಯಾಸ್ಟನ್, ಕೋಚ್ ಡ್ವೇನ್ ಮರ್ಫಿ ಇಬ್ಬರೂ ಹೇಳಿದ್ದು ಒಂದೇ: ತಡ ಮಾಡುತ್ತಿದ್ದೀಯ, ಬೇಗ ಶುರು ಮಾಡು. ಚೆಂಡು ಬರುವ ಎಷ್ಟೋ ಮೊದಲೇ ಮುಂಗಾಲೆತ್ತಿ ಸಿದ್ಧನಾಗುವುದನ್ನು ಬಟೀಸ್ಟ ರೂಢಿಸಿಕೊಂಡ. 2010ರಲ್ಲಿ 54 ಹೋಮ್ ರನ್ ಹೊಡೆದ. ಆ ವರ್ಷ ಎರಡೂ ಲೀಗ್‌ಗಳಲ್ಲಿ ಅಷ್ಟು ಹೊಡೆದವರಿಲ್ಲ. ಮರುವರ್ಷ ಫೆಬ್ರವರಿಯಲ್ಲಿ ಐದು ವರ್ಷಕ್ಕೆ 6.5 ಕೋಟಿ ಡಾಲರ್ ಒಪ್ಪಂದ.

ಜಸ್ಟಿನ್ ಟರ್ನರ್‌ನದೂ ಹೆಚ್ಚುಕಡಿಮೆ ಇದೇ ದಾರಿ. 2013ರ ಡಿಸೆಂಬರ್‌ನಲ್ಲಿ ಮೆಟ್ಸ್ ಒಪ್ಪಂದ ಮುಂದುವರಿಸದೆ ಕಳಿಸಿತು. ಹೊಡೆತದ ಶೈಲಿ ಬದಲಿಸಿಕೊಂಡು ಡಾಡ್ಜರ್ಸ್ ತಂಡದ ಬೆಂಚಿಗೆ ಬಂದ, 2014ರಲ್ಲಿ .340 ಸರಾಸರಿ. 2015ರ ಮೇನಲ್ಲಿ ಥರ್ಡ್ ಬೇಸ್‌ನ ಹ್ವಾನ್ ಉರೀಬೆಯನ್ನು ತಂಡ ಮಾರಿದ ಮೇಲೆ ಜಾಗ ಅವನದಾಯಿತು.

ಇಷ್ಟು ಕಥೆಗಳನ್ನು ಪಕ್ಕಪಕ್ಕ ಇಟ್ಟರೆ ವಾದದಿಂದ ಬಾಗಿಲು ತೆರೆದದ್ದು ಒಂದೂ ಕಾಣುವುದಿಲ್ಲ. ಯಾರದೋ ಭುಜ, ಯಾರದೋ ದುಬಾರಿ ಸಂಬಳ, ಯಾರದೋ ಮಾರಾಟ. ತಂಡದ ಕಚೇರಿಯವರಿಗೆ ಅವರದೇ ಲೆಕ್ಕವಿದೆ. ಎಳೆಯ ಆಟಗಾರನನ್ನು ಮೂರು ಸೀಸನ್‌ಗಳವರೆಗೆ ಮೈನರ್ ಲೀಗ್‌ಗೆ ಇಳಿಸಿ, ಏರಿಸಿ ಮಾಡಬಹುದು. ಅದಕ್ಕೆ ‘ಆಪ್ಷನ್’ ಎನ್ನುತ್ತಾರೆ. ಊರೂರು ಅಲೆದವನ ಆಪ್ಷನ್‌ಗಳು ಎಂದೋ ಮುಗಿದಿರುತ್ತವೆ. ಅವನನ್ನು ಇಳಿಸಬೇಕೆಂದರೆ ಮೊದಲು ಉಳಿದ ತಂಡಗಳ ಮುಂದೆ ಇಡಬೇಕು, ಬೇಕಾದವರು ಎತ್ತಿಕೊಂಡು ಹೋಗುತ್ತಾರೆ. ಇಬ್ಬರೂ ಸಮಾನವಾಗಿ ಹೊಡೆದರೂ ಹುಡುಗ ಸೋತರೆ ‘ಕಲಿಯುತ್ತಿದ್ದಾನೆ’, ಮೂವತ್ತರವನು ಸೋತರೆ ‘ಹೇಳಿರಲಿಲ್ಲವೇ?’. ನೌಕರಿ ಉಳಿಸಿಕೊಳ್ಳಬೇಕಾದ ಮ್ಯಾನೇಜರ್ ಯಾವುದನ್ನು ಆರಿಸುತ್ತಾನೆ ಎಂದು ಬೇರೆ ಹೇಳಬೇಕಿಲ್ಲ.

ಈಗ ನಿಯಮಗಳೇ ಬೆಂಚನ್ನು ಕಿರಿದು ಮಾಡಿವೆ. 26 ಜನರ ತಂಡದಲ್ಲಿ 13 ಪಿಚರ್‌ಗಳವರೆಗೆ ಇರಬಹುದು, ತಂಡಗಳು ಸಾಮಾನ್ಯವಾಗಿ ಅಷ್ಟೂ ಇಟ್ಟುಕೊಳ್ಳುತ್ತವೆ. ಉಳಿದ 13ರಲ್ಲಿ ಒಂಬತ್ತು ಮಂದಿ ಆಡುತ್ತಾರೆ, ನಾಲ್ವರು ಕೂರುತ್ತಾರೆ, ಅವರಲ್ಲೊಬ್ಬ ಹೆಚ್ಚುವರಿ ಕ್ಯಾಚರ್. ಮಿಕ್ಕ ಮೂವರು ನಾಲ್ಕೈದು ಜಾಗಗಳಲ್ಲಿ ಫೀಲ್ಡಿಂಗ್ ಮಾಡಬಲ್ಲವರಾಗಿರಬೇಕು. 2020ರಿಂದ ಹೊಸದಾಗಿ ಇಳಿದ ಪಿಚರ್ ಇನ್ನಿಂಗ್ಸ್ ಮುಗಿಯದ ಹೊರತು ಕನಿಷ್ಠ ಮೂರು ಬ್ಯಾಟರ್‌ಗಳಿಗೆ ಎಸೆಯಲೇಬೇಕು. ಎಂಟನೇ ಇನ್ನಿಂಗ್ಸ್‌ನಲ್ಲಿ ಒಬ್ಬ ಫೆಲ್ಪ್ಸ್‌ಗಾಗಿಯೇ ಒಬ್ಬ ಎಡಗೈ ಪಿಚರ್‌ನನ್ನು ಇಳಿಸಿ ಕೂಡಲೇ ವಾಪಸು ಕರೆಸಿಕೊಳ್ಳುವ ಆಟ ಈಗ ಕಷ್ಟ. ಅತ್ತ 2022ರಿಂದ ಎರಡೂ ಲೀಗ್‌ಗಳಲ್ಲಿ ಡೆಸಿಗ್ನೇಟೆಡ್ ಹಿಟರ್ ಬಂದು, ಬರೀ ಬ್ಯಾಟ್ ಬೀಸುವವರಿಗೆ ಮೂವತ್ತು ತಂಡಗಳ ಬಾಗಿಲೂ ತೆರೆದಿದೆ. ಫೆಲ್ಪ್ಸ್‌ನಂಥವನು ಇವತ್ತಿದ್ದರೆ ವರ್ಷಕ್ಕೆ ಐನೂರು ಸಲ ಬ್ಯಾಟ್ ಮಾಡುತ್ತಿದ್ದ, ಇಲ್ಲವೇ ಪೆಟಜೀನಿಯ ಹಾಗೆ ಟೋಕಿಯೊ ವಿಮಾನ ಹತ್ತುತ್ತಿದ್ದ. ವಾರದಲ್ಲಿ ಕೆಲವು ದಿನ ಮಾತ್ರ ಆಡಿ 27 ಹೋಮ್ ರನ್ ಹೊಡೆದು ಇಡೀ ಊರನ್ನು ಎರಡು ಪಾಲು ಮಾಡುವ ನೌಕರಿ ಈಗ ಯಾವ ತಂಡದಲ್ಲೂ ಸುಲಭಕ್ಕೆ ಸಿಗುವುದಿಲ್ಲ.